ತನ್ನಿಂದ ತಾನೇ ಆಗ್ತದೆ, ಆದ್ರೂ ಒಂದು ಕಣ್ಣಿರಲಿ

ಈ ವಾರ ಗದ್ದೆ ಸುದ್ದಿ ಕಡಿಮೆ. ನಾಟಿ ಮುಗೀತು, ಮಳೆ ಬಿಡುವ ಲಕ್ಷಣ ಇಲ್ಲ, ತೆಂಗಿನ ಬುಡಕ್ಕೆ ಹೋಗೋಣ ಅಂದ್ರೆ ಕಾಲು ಹೂತು ಹೋಗ್ತದೆ. ಹಾಗಾಗಿ ಮನೆ ಒಳಗಿನ ಒಂದು ಕೆಲಸದ ಬಗ್ಗೆ ಬರೀತೇನೆ. ಕಂಪ್ಯೂಟರಿನ ಬ್ರೌಸರ್, ಅದಕ್ಕೆ ಅಂಟಿಸಿಕೊಂಡ ಎಕ್ಸ್‌ಟೆನ್ಶನ್, ಅವುಗಳ ಅಪ್ಡೇಟ್. ಇದು ಐಟಿಯವರ ವಿಷಯ, ನಮಗೇನು ಅಂತ ಬಿಟ್ಟು ಹೋಗಬೇಡಿ. ಪಹಣಿ, ಬೆಳೆ ವಿಮೆ, ಪಿಎಂ ಕಿಸಾನ್, ಬ್ಯಾಂಕ್ ಎಲ್ಲ ಈಗ ಅದೇ ಕಿಟಕಿಯಿಂದ ನೋಡ್ತೇವೆ. ಬೇಲಿ ಎಲ್ಲಿ ಹರಿದದೆ ಅಂತ ದನ ಬಂದ ಮೇಲೆ ಹುಡುಕಿ ಉಪಯೋಗ ಇಲ್ಲ.

ನಮ್ಮನೆ ಲ್ಯಾಪ್‌ಟಾಪ್ ಮಗಳು ಕಾಲೇಜಿಗೆ ಅಂತ ತಗೊಂಡದ್ದು. ಓದು ಮುಗಿಸಿ ಅವಳು ಬೆಂಗಳೂರಿಗೆ ಹೋದಳು, ಅದು ನನ್ನ ಪಾಲಿಗೆ ಬಂತು. ನಾನು ಎಸ್ಸೆಸ್ಸೆಲ್ಸಿ, ಇಂಗ್ಲಿಷ್ ಕೂಡಿಸಿಕೊಂಡು ಓದುವವ. ಆದ್ರೂ ಕೇರಿಯವರು ಅಂಕೋಲಾ ಪೇಟೆಗೆ ಬಸ್ಸು ಹತ್ತುವ ಬದಲು ನಮ್ಮನೆ ಜಗುಲಿಗೆ ಬರ್ತಾರೆ. ಕಂತು ಬಂತೋ ಇಲ್ವೋ, ಪಹಣಿಯಲ್ಲಿ ಹೆಸರು ಸರಿಯಾಯ್ತೋ, ವಿಮೆ ಅರ್ಜಿ ಎಲ್ಲಿಗೆ ಬಂತು, ಇಷ್ಟೇ ಕೆಲಸ. ಲೆಕ್ಕ ಹಾಕಿದ್ರೆ ಏಳು ಮನೆ. ಪಿಎಂ ಕಿಸಾನ್ ವರ್ಷಕ್ಕೆ 6,000, ಅದೂ 2,000ದ ಮೂರು ಕಂತು. ದೊಡ್ಡ ದುಡ್ಡಲ್ಲ ಅನ್ನಬಹುದು. ಕೆಳಗಿನ ಕೇರಿಯ ಒಬ್ಬರು ಅಕ್ಕ ಆ 2,000ದಲ್ಲೇ ಗೊಬ್ಬರ ತರ್ತಾರೆ. ಅವರ ಮೊಬೈಲಿಗೆ ಬಂದ ಓಟಿಪಿಯನ್ನು ನನಗೆ ಓದಿ ಹೇಳ್ತಾರೆ, ನನ್ನ ಮೇಲಿನ ನಂಬಿಕೆಯಿಂದ. ಆ ಲ್ಯಾಪ್‌ಟಾಪಿನ ಒಳಗೆ ಮತ್ಯಾರಾದರೂ ಕೂತು ನೋಡ್ತಿದ್ರೆ ನನ್ನ ನಂಬಿಕೆ ಏನು ಉಪಯೋಗಕ್ಕೆ ಬಂತು?

ಎಕ್ಸ್‌ಟೆನ್ಶನ್ ಅಂದ್ರೆ ಗೊತ್ತಿಲ್ಲದವರಿಗೆ ಎರಡು ಮಾತು. ಕ್ರೋಮ್, ಫೈರ್‌ಫಾಕ್ಸ್ ಇವು ಬ್ರೌಸರ್. ಅದಕ್ಕೆ ಜೋಡಿಸುವ ಸಣ್ಣ ಸಣ್ಣ ಪ್ರೋಗ್ರಾಮು ಎಕ್ಸ್‌ಟೆನ್ಶನ್. ಪವರ್ ಟಿಲ್ಲರ್ ಒಂದೇ, ಅದಕ್ಕೆ ರೋಟರಿ ಹಾಕಬಹುದು, ಟ್ರೇಲರ್ ಕಟ್ಟಬಹುದು, ಹಾಗೆ. ಕನ್ನಡ ಟೈಪ್ ಮಾಡಲಿಕ್ಕೆ ಒಂದು, ಜಾಹೀರಾತು ತಡೀಲಿಕ್ಕೆ ಒಂದು, ಇಂಗ್ಲಿಷ್ ಪೇಜನ್ನು ಕನ್ನಡ ಮಾಡಲಿಕ್ಕೆ ಒಂದು, ಫೋಟೋ ಪಿಡಿಎಫ್ ಮಾಡಲಿಕ್ಕೆ ಒಂದು. ಕ್ರೋಮಿನಲ್ಲಿ ಮೇಲೆ ಬಲಗಡೆ ಮಕ್ಕಳ ಜೋಡಿಸುವ ಆಟದ ತುಂಡಿನಂಥ ಚಿತ್ರ ಅದೆ, ಒತ್ತಿದ್ರೆ ಯಾವ ಯಾವುದು ಅದೆ ಅಂತ ಪಟ್ಟಿ ಕಾಣ್ತದೆ. ಒಮ್ಮೆ ಒತ್ತಿ ನೋಡಿ. ಹಾಕಿದ್ದು ನೆನಪಿಲ್ಲದ್ದು ಒಂದೆರಡಾದರೂ ಸಿಗ್ತದೆ. ಮೊಬೈಲಿನ ಕ್ರೋಮಿನಲ್ಲಿ ಈ ಎಕ್ಸ್‌ಟೆನ್ಶನ್ ವ್ಯವಸ್ಥೆ ಇಲ್ಲ. ಮೊಬೈಲ್ ಮಾತ್ರ ಇದ್ದವರು ಮುಂದೆ ಎಪಿಕೆ ಬಗ್ಗೆ ಬರೆದದ್ದನ್ನು ಮಾತ್ರ ಓದಿದ್ರೂ ಸಾಕು.

ಪಕ್ಕದ ಮನೆ ಹುಡುಗ ಮೊನ್ನೆ ಹೇಳಿದ, "ಮಾವ, ಅಪ್ಡೇಟ್ ಎಲ್ಲ ಬಂದ್ ಮಾಡಿ ಇಡು. ನೆಟ್ ತಿಂತದೆ. ಮೇಲಿಂದ ಅಪ್ಡೇಟ್ ಮಾಡಿದ್ಮೇಲೇ ಎಲ್ಲ ಹಾಳಾಗೋದು." ಮಗಳನ್ನು ಕೇಳಿದ್ರೆ, "ಅಪ್ಪಾ, ಮುಟ್ಟಲೇ ಬೇಡ, ಅದು ತನ್ನಷ್ಟಕ್ಕೆ ಆಗ್ತದೆ" ಅಂತಾಳೆ. ಇಬ್ಬರದ್ದೂ ಅರ್ಧ ಸರಿ.

ತನ್ನಷ್ಟಕ್ಕೆ ಆಗೋದು ಹೌದು. ಕ್ರೋಮ್ ತೆರೆದಿದ್ರೆ ಅದು ಕೆಲವು ಗಂಟೆಗೊಮ್ಮೆ ತನ್ನ ಅಂಗಡಿಗೆ, ಅಂದ್ರೆ ಕ್ರೋಮ್ ವೆಬ್ ಸ್ಟೋರಿಗೆ ಕೇಳ್ತದೆ, ಈ ಎಕ್ಸ್‌ಟೆನ್ಶನ್‌ಗೆ ಹೊಸ ನಂಬರಿನದ್ದು ಬಂದದೋ ಅಂತ. ನಮ್ಮಲ್ಲಿ ಇದ್ದದ್ದಕ್ಕಿಂತ ದೊಡ್ಡ ನಂಬರ್ ಅಲ್ಲಿದ್ರೆ ಇಳಿಸಿಕೊಳ್ತದೆ. ನಮ್ಮನ್ನು ಕೇಳೋದಿಲ್ಲ, ಸದ್ದೂ ಇಲ್ಲ. ಫೈರ್‌ಫಾಕ್ಸ್ ಸಾಮಾನ್ಯವಾಗಿ ದಿನಕ್ಕೊಮ್ಮೆ ನೋಡ್ತದೆ, ಅದರಲ್ಲಿ ಒಂದೊಂದು ಎಕ್ಸ್‌ಟೆನ್ಶನ್‌ಗೂ ತನ್ನಿಂದ ತಾನೇ ಅಪ್ಡೇಟ್ ಆಗಬೇಕೋ ಬೇಡವೋ ಅಂತ ಆರಿಸುವ ಜಾಗ ಅದೆ. ಕ್ರೋಮಿನಲ್ಲಿ ನಮ್ಮಂಥವರಿಗೆ ಆ ಸ್ವಿಚ್ಚೇ ಕೊಟ್ಟಿಲ್ಲ. ಹಾಗಾಗಿ ಹುಡುಗ ಹೇಳಿದ ಹಾಗೆ ಬಂದ್ ಮಾಡೋದು ಅಷ್ಟು ಸುಲಭ ಇಲ್ಲ. ನೆಟ್ ತಿಂತದೆ ಅನ್ನೋದು ಸಹ ಎಕ್ಸ್‌ಟೆನ್ಶನ್ ಮಟ್ಟಿಗೆ ಹೆದರುವಂಥದ್ದಲ್ಲ. ಹೆಚ್ಚಿನವು ಕೆಲವೇ ಎಂಬಿ. ವಾಟ್ಸಾಪಿನಲ್ಲಿ ಬೆಳಿಗ್ಗೆ ಬರುವ ಶುಭೋದಯ ವಿಡಿಯೋ ಅದಕ್ಕಿಂತ ಜಾಸ್ತಿ ತಿಂತದೆ.

ಈಗ ನಮ್ಮ ಕಡೆಯ ತೊಂದರೆ. ಆಫೀಸಿನವರ ಕಂಪ್ಯೂಟರ್ ದಿನವಿಡೀ ತೆರೆದಿರ್ತದೆ. ನಮ್ಮದು ವಾರಕ್ಕೊಮ್ಮೆ, ಅದೂ ಕರೆಂಟ್ ಇದ್ದಾಗ, ಮೊಬೈಲಿನ ಹಾಟ್‌ಸ್ಪಾಟ್ ಹಾಕಿ, ಜಗುಲಿಯಲ್ಲಿ ಸಿಗ್ನಲ್ ಬರುವ ಮೂಲೆಯಲ್ಲಿ. ಹತ್ತು ನಿಮಿಷದ ಕೆಲಸ ಮುಗಿಸಿ ಮುಚ್ಚಿ ಇಡ್ತೇವೆ. ಅಪ್ಡೇಟಿಗೆ ಪುರಸೊತ್ತೇ ಸಿಗೋದಿಲ್ಲ. ಹೊಸದು ಇಳಿದಿದ್ರೂ, ಎಕ್ಸ್‌ಟೆನ್ಶನ್ ಕೆಲಸ ಮಾಡ್ತಾ ಇದ್ರೆ ಅದು ಸುಮ್ಮನಾಗುವ ತನಕ ಅಥವಾ ಬ್ರೌಸರ್ ಮುಚ್ಚಿ ತೆರೆಯುವ ತನಕ ಹೊಸದು ಕೂರೋದಿಲ್ಲ. ಮಳೆಗಾಲದಲ್ಲಿ ಎರಡು ತಿಂಗಳು ತೆರೆಯದೆ ಇಟ್ಟ ಲ್ಯಾಪ್‌ಟಾಪನ್ನು ವಿಮೆ ಕಟ್ಟುವ ಕಡೇ ದಿನ ತೆಗೆದು ಗಡಿಬಿಡಿಯಲ್ಲಿ ಬ್ಯಾಂಕಿನ ಪೇಜಿಗೆ ಹೋಗ್ತೇವಲ್ಲ, ಆವಾಗ ನಾವು ಎರಡು ತಿಂಗಳ ಹಳೇ ಬೀಗ ಹಾಕಿಕೊಂಡು ಕೂತಿರ್ತೇವೆ. ಆ ಎರಡು ತಿಂಗಳಲ್ಲಿ ಆ ಬೀಗದ ಯಾವುದೋ ಸಂದು ಕಳ್ಳರಿಗೆ ಗೊತ್ತಾಗಿ, ಮಾಡಿದವರು ಅದನ್ನು ಮುಚ್ಚಿ ಹೊಸದು ಕೊಟ್ಟಿರಬಹುದು. ನಮಗೆ ಮಾತ್ರ ಮುಟ್ಟಿಲ್ಲ.

ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಹಾಕಿದವರಿಗೆ ಇದು ಬೇಗ ಅರ್ಥ ಆಗ್ತದೆ. ರಾತ್ರಿ ಯಾವಾಗಲೋ ತ್ರೀ ಫೇಸ್ ಬಂದ್ರೆ ಮೋಟಾರು ತಾನೇ ಶುರುವಾಗ್ತದೆ, ನಿದ್ದೆಗೆಟ್ಟು ಏಳುವ ಕೆಲಸ ಇಲ್ಲ. ಹಾಗಂತ ಯಾರೂ ಅದನ್ನು ಕಿತ್ತು ಹಾಕೋದಿಲ್ಲ. ಆದ್ರೆ ಬಾವಿಯಲ್ಲಿ ನೀರದೆಯೋ, ಫುಟ್‌ವಾಲ್ವ್ ಹಿಡಿದದೆಯೋ ಅಂತ ನಾವೇ ನೋಡಬೇಕು.

ಹಾಗಾದ್ರೆ ಅಪ್ಡೇಟ್ ಬಂದ ಮೇಲೆ ಹಾಳಾಗ್ತದೆ ಅಂತ ಹುಡುಗ ಹೇಳಿದ್ದು ಸುಳ್ಳೋ? ಸುಳ್ಳಲ್ಲ. ಎರಡು ನಡೆದ ಸಂಗತಿ ಹೇಳ್ತೇನೆ.

ದಿ ಗ್ರೇಟ್ ಸಸ್ಪೆಂಡರ್ ಅಂತ ಕ್ರೋಮಿಗೆ ಒಂದು ಎಕ್ಸ್‌ಟೆನ್ಶನ್ ಇತ್ತು. ತುಂಬಾ ಪೇಜು ತೆರೆದಿಟ್ಟಾಗ ಕಂಪ್ಯೂಟರ್ ನಿಧಾನ ಆಗ್ತದಲ್ಲ, ಅದು ಬಳಸದ ಪೇಜನ್ನು ಮಲಗಿಸಿ ಇಡ್ತಿತ್ತು. ನಮ್ಮಂಥ ಹಳೇ ಲ್ಯಾಪ್‌ಟಾಪಿಗೆ ಹೇಳಿ ಮಾಡಿಸಿದ್ದು. 20 ಲಕ್ಷ ಜನ ಬಳಸ್ತಿದ್ರು. 2020ರ ಜೂನ್ ತಿಂಗಳಲ್ಲಿ ಅದನ್ನು ಮಾಡಿದವರು ಬೇರೆಯವರಿಗೆ ಮಾರಿದ್ರು. ಬಳಸುವವರಿಗೆ ಏನೂ ಗೊತ್ತಾಗಲಿಲ್ಲ. ಅದೇ ಹೆಸರು, ಅದೇ ಚಿತ್ರ. ಪೇಟೆಯ ಹಳೇ ಬೀಜದ ಅಂಗಡಿಯವರು ಅಂಗಡಿ ಮಾರಿ ಹೋದ್ರು, ಬೋರ್ಡು ಮಾತ್ರ ಹಾಗೇ ಅದೆ ಅಂತ ತಿಳೀರಿ. ಹೊಸ ಮಾಲೀಕರು ಕೊಟ್ಟ ಅಪ್ಡೇಟಿನಲ್ಲಿ ಹೊರಗಿನಿಂದ ಬೇಕಾದ ಹಾಗೆ ಆಡಿಸಬಹುದಾದ ಕೋಡ್ ಸೇರಿತ್ತು. 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ಅಂಗಡಿಯಿಂದ ತೆಗೆದು, ಜನರ ಕಂಪ್ಯೂಟರಿನಲ್ಲೂ ಬಂದ್ ಮಾಡಿತು.

ಇನ್ನೊಂದು 2024ರ ಡಿಸೆಂಬರಿನದ್ದು. ಸೈಬರ್‌ಹೇವನ್ ಅಂತ ಕಂಪನಿ, ಬೇರೆ ಕಂಪನಿಗಳ ಮಾಹಿತಿ ಕಾಯೋದೇ ಅವರ ಕೆಲಸ. ಅವರ ಒಬ್ಬ ನೌಕರರಿಗೆ ಕ್ರೋಮ್ ಅಂಗಡಿಯವರೇ ಕಳಿಸಿದ ಹಾಗೆ ಕಾಣುವ ಮೇಲ್ ಬಂತು, ನಿಮ್ಮ ಎಕ್ಸ್‌ಟೆನ್ಶನ್ ತೆಗೆದು ಹಾಕ್ತೇವೆ ಅಂತ. ಅವರು ಒತ್ತಿದ್ರು, ಅನುಮತಿ ಕೊಟ್ಟರು. ಕ್ರಿಸ್‌ಮಸ್ ದಿನ ಕಳ್ಳರು ಅದೇ ಎಕ್ಸ್‌ಟೆನ್ಶನ್‌ನ 24.10.4 ನಂಬರಿನ ಕೆಟ್ಟ ಆವೃತ್ತಿಯನ್ನು ಅಂಗಡಿಗೆ ಹಾಕಿದ್ರು. ಅವತ್ತು ಯಾರ ಬ್ರೌಸರ್ ತೆರೆದಿತ್ತೋ ಅವರಿಗೆಲ್ಲ ಅದು ತನ್ನಿಂದ ತಾನೇ ಹೋಯ್ತು. ಸುಮಾರು 4 ಲಕ್ಷ ಜನ ಬಳಸುವ ಎಕ್ಸ್‌ಟೆನ್ಶನ್ ಅದು. ಫೇಸ್‌ಬುಕ್ ಜಾಹೀರಾತಿನ ಖಾತೆಗಳ ಮೇಲೆ ಅವರ ಕಣ್ಣು. ಅದೇ ಸಮಯದಲ್ಲಿ ಬೇರೆ ಎಷ್ಟೋ ಎಕ್ಸ್‌ಟೆನ್ಶನ್‌ಗಳಿಗೂ ಹೀಗೇ ಆಗಿತ್ತು ಅಂತ ಆಮೇಲೆ ತಿಳೀತು.

ಪಾಸ್‌ವರ್ಡ್ ಹೇಳದೆ ಖಾತೆ ಹೇಗೆ ಹೋಗ್ತದೆ ಅಂತ ಕೇಳಬಹುದು. ಟೆಂಟಿನ ಆಟಕ್ಕೆ ಹೋದಾಗ ಗೇಟಿನಲ್ಲಿ ಹರಿದುಕೊಟ್ಟ ಅರ್ಧ ಟಿಕೆಟು ಕಿಸೆಯಲ್ಲಿದ್ರೆ, ಮಧ್ಯರಾತ್ರಿ ಚಾ ಕುಡಿದು ಬಂದು ಮತ್ತೆ ಒಳಗೆ ಹೋಗ್ತೇವೆ, ಮತ್ತೆ ದುಡ್ಡು ಕೇಳೋದಿಲ್ಲ. ಒಮ್ಮೆ ಓಟಿಪಿ ಕೊಟ್ಟು ಒಳಗೆ ಹೋದ ಮೇಲೆ ಬ್ರೌಸರಿನಲ್ಲೂ ಅಂಥದ್ದೇ ಒಂದು ಚೀಟಿ ಇರ್ತದೆ. ಅದಕ್ಕೆ ಕುಕಿ ಅಂತಾರೆ. ಆ ಚೀಟಿ ಕದ್ದವರಿಗೆ ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ. ಎಲ್ಲ ಪೇಜು ಓದುವ ಅನುಮತಿ ಇರುವ ಎಕ್ಸ್‌ಟೆನ್ಶನ್ ಕೆಟ್ಟವರ ಕೈಗೆ ಹೋದ್ರೆ ಇಂಥದ್ದು ಆಗ್ತದೆ. ಅದಕ್ಕೇ ಕೆಲಸ ಆದ ಮೇಲೆ ಬರೀ ಪೇಜು ಮುಚ್ಚಬೇಡಿ, ಲಾಗೌಟ್ ಒತ್ತಿ. ಟಿಕೆಟು ಹರಿದು ಬಿಸಾಡಿದ ಹಾಗೆ.

ಇಷ್ಟು ಕೇಳಿದ್ಮೇಲೆ ಆ ಹುಡುಗ, "ನೋಡು ಮಾವ, ನಾ ಹೇಳ್ಲಿಲ್ವಾ" ಅಂದ. ನಾನು ಅವನಿಗೆ ಅದೇ ಕಥೆಯ ಕೊನೇ ಭಾಗ ಹೇಳಿದೆ. ಸೈಬರ್‌ಹೇವನ್‌ನವರಿಗೆ ಒಂದು ದಿನದೊಳಗೆ ಗೊತ್ತಾಯ್ತು. ಕೆಟ್ಟದ್ದನ್ನು ತೆಗೆದು 24.10.5 ಅಂತ ಸರಿಯಾದ್ದನ್ನು ಹಾಕಿದ್ರು. ಆ ಸರಿಯಾದ್ದು ಜನರಿಗೆ ಮುಟ್ಟಿದ್ದು ಯಾವ ದಾರಿಯಿಂದ? ಅದೇ ಅಪ್ಡೇಟ್ ದಾರಿಯಿಂದ. ಕೆಟ್ಟದ್ದು ಒಳಗೆ ಬಂದ ಮೇಲೆ ಅಪ್ಡೇಟ್ ನಿಲ್ಲಿಸಿದವರಿದ್ರೆ ಅವರ ಹತ್ತಿರ ಕೆಟ್ಟದ್ದೇ ಉಳೀತು.

ನಮ್ಮ ಗಜನಿ ಕಟ್ಟಿನ ಬಾಗಿಲೂ ಹಾಗೇ ಅಲ್ವಾ. ಉಪ್ಪುನೀರು ಬರೋದೂ ಅಲ್ಲಿಂದ, ಮಳೆನೀರು ಹೊರಗೆ ಹೋಗೋದೂ ಅಲ್ಲಿಂದ, ಮೀನು ಬರೋದೂ ಅಲ್ಲಿಂದ. ಉಪ್ಪು ಬಂತು ಅಂತ ಸಿಟ್ಟಿನಲ್ಲಿ ಆ ಹಲಗೆಗೆ ಮೊಳೆ ಹೊಡೆದ್ರೆ ಮುಂದಿನ ಮಳೆಗೆ ಗದ್ದೆಯೇ ಕೆರೆ ಆಗ್ತದೆ. ಬಾಗಿಲು ಇರಬೇಕು. ಹತ್ತು ಕಡೆ ಬೇಡ, ಕಾಯಲಿಕ್ಕೆ ಆಗುವಷ್ಟು ಇರಲಿ.

ಕಾಯೋದು ಹೇಗೆ ಅನ್ನೋದಕ್ಕೆ ನಮ್ಮನೆಯಲ್ಲೇ ಆದದ್ದು. ಕಳೆದ ಬೇಸಿಗೆಯಲ್ಲಿ ಲ್ಯಾಪ್‌ಟಾಪ್ ತೆಗೆದಾಗ ಮೂಲೆಯಲ್ಲಿ ಒಂದು ಸೂಚನೆ. ಫೋಟೋ ಪಿಡಿಎಫ್ ಮಾಡುವ ಎಕ್ಸ್‌ಟೆನ್ಶನ್ ಬಂದ್ ಆಗದೆ, ಹೊಸ ಆವೃತ್ತಿಗೆ ಜಾಸ್ತಿ ಅನುಮತಿ ಬೇಕು, ಒಪ್ಪಿದ್ರೆ ಶುರು ಮಾಡ್ತೇವೆ ಅಂತ. ಯಾವ ಅನುಮತಿ ಅಂತ ಓದಿದೆ. ನೀವು ಹೋಗುವ ಎಲ್ಲ ವೆಬ್‌ಸೈಟಿನ ಮಾಹಿತಿ ಓದೋದು, ಬದಲಿಸೋದು. ಮಗಳಿಗೆ ಫೋನ್ ಮಾಡಿದೆ. ಅವಳು ಒಂದೇ ಮಾತು ಕೇಳಿದಳು, "ಅಪ್ಪಾ, ಫೋಟೋ ಪಿಡಿಎಫ್ ಮಾಡೋದಕ್ಕೆ ಬ್ಯಾಂಕಿನ ಪೇಜು ಯಾಕೆ ಓದಬೇಕು?" ಅಲ್ಲೇ ತೆಗೆದು ಹಾಕಿದೆ. ಅದು ಕಳ್ಳರದ್ದೋ ಒಳ್ಳೆಯವರದ್ದೋ, ಆ ಮಾತು ಬೇರೆ. ಕಾಯಿ ಕೊಯ್ಯಲಿಕ್ಕೆ ಬಂದವರು ಕಪಾಟಿನ ಬೀಗದಕೈ ಕೇಳಿದ್ರೆ ಕೊಡ್ತೇವೋ?

ಇದು ಕ್ರೋಮಿನಲ್ಲಿ ಇರುವ ಒಳ್ಳೇ ನಿಯಮ. ಹೊಸ ಆವೃತ್ತಿ ಎಚ್ಚರಿಕೆ ಕೊಡುವಂಥ ಹೊಸ ಅನುಮತಿ ಕೇಳಿದ್ರೆ, ನಾವು ಹೂಂ ಅನ್ನುವ ತನಕ ಎಕ್ಸ್‌ಟೆನ್ಶನ್ ನಿಂತಿರ್ತದೆ. ಗಡಿಬಿಡಿಯಲ್ಲಿ ಒಪ್ಪಿಗೆ ಒತ್ತದಿದ್ರೆ ಸಾಕು. ಆದ್ರೆ ಇದರ ಮಿತಿಯೂ ತಿಳಿದಿರಲಿ. ಮೊದಲೇ ಎಲ್ಲ ಪೇಜಿನ ಅನುಮತಿ ಕೊಟ್ಟ ಎಕ್ಸ್‌ಟೆನ್ಶನ್ ಕೈ ಬದಲಾದ್ರೆ ಮತ್ತೆ ಕೇಳುವ ಪ್ರಮೇಯವೇ ಇಲ್ಲ. ಹಾಗಾಗಿ ಅಂಥ ಅನುಮತಿ ಇರುವವು ಎಷ್ಟು ಕಡಿಮೆಯೋ ಅಷ್ಟು ಒಳ್ಳೇದು. ನಮ್ಮಲ್ಲಿ ಮೊದಲು ಒಂಬತ್ತು ಇತ್ತು, ಮಗಳ ಕಾಲೇಜಿನ ಕಾಲದ್ದು. ಈಗ ಮೂರು. ಒಂದೊಂದರ ಡಿಟೇಲ್ಸ್ ಒತ್ತಿದ್ರೆ ಸೈಟ್ ಆಕ್ಸೆಸ್ ಅಂತ ಅದೆ. ಎಲ್ಲ ಸೈಟಿಗೂ ಅಂತ ಇರುವಲ್ಲಿ ಒತ್ತಿದಾಗ ಮಾತ್ರ ಅಂತ ಬದಲಿಸಬಹುದು. ಭಾಷೆ ಬದಲಿಸುವ ಎಕ್ಸ್‌ಟೆನ್ಶನ್‌ಗೆ ನಾನು ಹಾಗೇ ಮಾಡಿದ್ದೇನೆ. ನಾ ಕರೆದ್ರೆ ಬರ್ತದೆ, ಇಲ್ಲದಿದ್ರೆ ಹೊರಗೇ.

ತನ್ನಿಂದ ತಾನೇ ಅಪ್ಡೇಟ್ ಆಗೋದು ಸದ್ದಿಲ್ಲದೆ ನಿಂತು ಹೋಗುವ ಮೂರು ಸಂದರ್ಭ ಸಹ ಬರೆದು ಇಡ್ತೇನೆ, ಯಾಕಂದ್ರೆ ನಮ್ಮ ಊರಕಡೆ ಮೂರೂ ಕಾಣ್ತದೆ.

ಮೊದಲನೇದು ಹಳೇ ಕಂಪ್ಯೂಟರ್. ವಿಂಡೋಸ್ 7 ಇನ್ನೂ ಎಷ್ಟೋ ಮನೆಯಲ್ಲಿ ಅದೆ. 2023ರ ಜನವರಿಯ ಕ್ರೋಮ್ 109 ಅದಕ್ಕೆ ಕೊನೇದು, ಫೆಬ್ರವರಿಯಲ್ಲಿ ಬಂದ 110ರಿಂದ ವಿಂಡೋಸ್ 10 ಬೇಕು. ಬ್ರೌಸರ್ ಅಲ್ಲೇ ನಿಂತ ಮೇಲೆ, ಹೊಸ ಬ್ರೌಸರ್ ಬೇಕು ಅನ್ನುವ ಎಕ್ಸ್‌ಟೆನ್ಶನ್‌ಗಳೂ ಅಲ್ಲೇ ನಿಲ್ತವೆ. ಮೇಲೆ ನೋಡಿದ್ರೆ ಎಲ್ಲ ಸರಿಯಾಗೇ ಕಾಣ್ತದೆ. ಅಂಥ ಕಂಪ್ಯೂಟರಿನಲ್ಲಿ ಹಾಡು ಕೇಳಿ, ಫೋಟೋ ನೋಡಿ, ಬ್ಯಾಂಕಿನ ಕೆಲಸ ಬೇಡ.

ಎರಡನೇದು ಬ್ರೌಸರಿನವರೇ ನಿಯಮ ಬದಲಿಸಿದಾಗ. ಯುಬ್ಲಾಕ್ ಒರಿಜಿನ್ ಅಂತ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್, ತುಂಬಾ ಜನ ನಂಬಿದ್ದು. ಕ್ರೋಮ್ 2024-25ರಲ್ಲಿ ಹಳೇ ಮಾದರಿಯ ಎಕ್ಸ್‌ಟೆನ್ಶನ್‌ಗಳನ್ನು ಹಂತ ಹಂತವಾಗಿ ಬಂದ್ ಮಾಡಿತು, ಅದರಲ್ಲಿ ಇದೂ ಹೋಯ್ತು. ಪಕ್ಕದ ಮನೆ ಹುಡುಗ ಅಪ್ಡೇಟಿನಿಂದ ಹಾಳಾಯ್ತು ಅಂದದ್ದು ಇದನ್ನೇ. ಇಲ್ಲಿ ಅಪಾಯ ಬೇರೆ. ಹಳೇದು ಹೋಯ್ತು ಅಂತ ಜನ ಅದೇ ಹೆಸರಿನದ್ದನ್ನು ಎಲ್ಲೆಲ್ಲೋ ಹುಡುಕಿ ಹಾಕಿಕೊಳ್ತಾರೆ. ಅದನ್ನು ಮಾಡಿದವರೇ ಯುಬ್ಲಾಕ್ ಒರಿಜಿನ್ ಲೈಟ್ ಅಂತ ಹೊಸ ನಿಯಮಕ್ಕೆ ಹೊಂದುವಂಥದ್ದನ್ನು ಅಂಗಡಿಯಲ್ಲೇ ಇಟ್ಟಿದ್ದಾರೆ. ಫೈರ್‌ಫಾಕ್ಸಿನಲ್ಲಿ ಹಳೇದೇ ನಡೀತದೆ.

ಮೂರನೇದು ಅಂಗಡಿ ಬಿಟ್ಟು ಹೊರಗಿನಿಂದ ತಂದದ್ದು. ಯಾರೋ ಪೆನ್‌ಡ್ರೈವಿನಲ್ಲಿ ತಂದು, ಡೆವಲಪರ್ ಮೋಡ್ ಹಾಕಿ, ಫೋಲ್ಡರಿನಿಂದ ಸೇರಿಸಿ ಕೊಟ್ಟ ಎಕ್ಸ್‌ಟೆನ್ಶನ್ ಎಂದೂ ತನ್ನಿಂದ ತಾನೇ ಅಪ್ಡೇಟ್ ಆಗೋದಿಲ್ಲ. ಅದಕ್ಕೆ ಹಿಂದೆ ಅಂಗಡಿಯೇ ಇಲ್ಲ. ಮೊಬೈಲಿನವರಿಗೆ ಹೇಳಬೇಕಾದ್ದೂ ಇದೇ. ಪಿಎಂ ಕಿಸಾನ್ ಹೆಸರಿನಲ್ಲಿ, ವಾಹನದ ದಂಡದ ಹೆಸರಿನಲ್ಲಿ ವಾಟ್ಸಾಪಿಗೆ ಎಪಿಕೆ ಫೈಲ್ ಬರ್ತದಲ್ಲ, ಅದನ್ನು ಒತ್ತಲೇಬೇಡಿ. ಸರ್ಕಾರದ ಆ್ಯಪ್ ಬೇಕಾದ್ರೆ ಪ್ಲೇ ಸ್ಟೋರಿನಲ್ಲಿ ಅದೆ. ಬೆಳೆ ಸಮೀಕ್ಷೆಗೆ ಹಂಗಾಮಿಗೊಂದು ಹೊಸ ಆ್ಯಪ್ ಹಾಕಿಕೊಳ್ಳುವ ಅಭ್ಯಾಸ ನಮಗೆ ಆಗದೆ. ಆ ಅಭ್ಯಾಸವನ್ನೇ ಕಳ್ಳರು ಬಳಸಿಕೊಳ್ತಾರೆ.

ಈಗ ನಾನು ಮಾಡುವ ಕ್ರಮ. ತಿಂಗಳಿಗೆ ಎರಡು ಸಲ, ಕೆಲಸ ಇರಲಿ ಇಲ್ಲದಿರಲಿ, ಲ್ಯಾಪ್‌ಟಾಪ್ ತೆಗೆದು ನೆಟ್ ಹಾಕಿ ಬ್ರೌಸರ್ ತೆರೆದು ಬಿಡ್ತೇನೆ. ಒಂದು ತಾಸು ಹಾಗೇ ಇರಲಿ ಅಂತ ದನಕ್ಕೆ ಹುಲ್ಲು ಹಾಕಲಿಕ್ಕೆ ಹೋಗ್ತೇನೆ. ಆಮೇಲೆ ಕ್ರೋಮಿನ ಮೂರು ಚುಕ್ಕಿ ಒತ್ತಿ, ಹೆಲ್ಪ್ ಒಳಗೆ ಅಬೌಟ್ ಗೂಗಲ್ ಕ್ರೋಮ್ ಒತ್ತಿದ್ರೆ ಬ್ರೌಸರ್ ಹೊಸದೋ ಅಂತ ಅದೇ ಹೇಳ್ತದೆ. ರೀಲಾಂಚ್ ಅಂದ್ರೆ ಒತ್ತಬೇಕು. ಮತ್ತೆ ಮೂರು ಚುಕ್ಕಿ, ಎಕ್ಸ್‌ಟೆನ್ಶನ್ಸ್, ಮ್ಯಾನೇಜ್ ಎಕ್ಸ್‌ಟೆನ್ಶನ್ಸ್. ಬಲಗಡೆ ಮೇಲೆ ಡೆವಲಪರ್ ಮೋಡ್ ಹಾಕಿದ್ರೆ ಅಪ್ಡೇಟ್ ಅಂತ ಬಟನ್ ಬರ್ತದೆ, ಒತ್ತಿದ್ರೆ ಎಲ್ಲವನ್ನೂ ಆಗಲೇ ವಿಚಾರಿಸಿ ತರ್ತದೆ. ಆದ ಮೇಲೆ ಆ ಮೋಡ್ ತೆಗೆದು ಇಡ್ತೇನೆ. ಅದೇ ಪೇಜಿನಲ್ಲಿ, ಅಂಗಡಿಯಿಂದ ತೆಗೆದು ಹಾಕಿದ ಎಕ್ಸ್‌ಟೆನ್ಶನ್ ನಮ್ಮಲ್ಲಿ ಉಳಿದಿದ್ರೆ ಕ್ರೋಮ್ ಎಚ್ಚರಿಕೆ ತೋರಿಸ್ತದೆ. 2023ರಿಂದ ಈ ಸವಲತ್ತು ಬಂದದೆ. ಅಂಥದ್ದು ಕಂಡ್ರೆ ಯೋಚನೆ ಬೇಡ, ರಿಮೂವ್.

ಬೇರೆಯವರ ಕೆಲಸ ಮಾಡಿಕೊಡುವಾಗ ಇನ್ನೊಂದು ಉಪಾಯ. ಕ್ರೋಮಿನ ಇನ್‌ಕಾಗ್ನಿಟೋ ಕಿಟಕಿ ತೆರೆದ್ರೆ ನಾವೇ ಅನುಮತಿ ಕೊಟ್ಟ ಹೊರತು ಎಕ್ಸ್‌ಟೆನ್ಶನ್‌ಗಳು ಅಲ್ಲಿಗೆ ಬರೋದಿಲ್ಲ. ಇನ್‌ಕಾಗ್ನಿಟೋ ಕಿಟಕಿ ಎಲ್ಲ ಮುಚ್ಚಿದ್ರೆ ಆ ಚೀಟಿಯೂ ಉಳಿಯೋದಿಲ್ಲ. ಕೆಳಗಿನ ಕೇರಿಯ ಅಕ್ಕನ ಕಂತು ನೋಡೋದು ಈಗ ಅದರಲ್ಲೇ. ಅವರು "ಏನು ತಮ್ಮ, ಪರದೆ ಕಪ್ಪಾಯ್ತಲ್ಲ" ಅಂದ್ರು. ಕಪ್ಪಿದ್ರೆ ಒಳ್ಳೇದೇ ಅಕ್ಕ ಅಂದೆ.

ನಮ್ಮ ಸಣ್ಣ ಸಣ್ಣ ಸಹಕಾರಿ ಸಂಘಗಳಿಗೂ ಈಗ ಕಂಪ್ಯೂಟರ್ ಬರ್ತಾ ಅದೆ. 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಣ ಮಾಡಲಿಕ್ಕೆ ಕೇಂದ್ರ ಸರ್ಕಾರ 2022ರಲ್ಲಿ 2,516 ಕೋಟಿಯ ಯೋಜನೆ ಒಪ್ಪಿತ್ತು. ಯಂತ್ರ ಬಂತು ಅಂತ ಖುಷಿ ಪಡೋಣ. ಆದ್ರೆ ಮಹಾಸಭೆಯಲ್ಲಿ ಲೆಕ್ಕಪತ್ರ ಕೇಳುವ ಹಾಗೆ, ಕೌಂಟರಿನ ಬ್ರೌಸರಿನಲ್ಲಿ ಏನೇನು ಸೇರಿಸಿದ್ದಾರೆ, ಕಡೇ ಸಲ ಯಾವಾಗ ಅಪ್ಡೇಟ್ ಆಯ್ತು, ನೋಡುವವರು ಯಾರು ಅಂತ ಸದಸ್ಯರು ಕೇಳಬೇಕು. ಅಲ್ಲಿರೋದು ಏಳು ಮನೆ ಲೆಕ್ಕ ಅಲ್ಲ, ಇಡೀ ಊರಿನ ಸಾಲ, ಠೇವಣಿ.

ಹತ್ತಿರದವರು ಯಾರಿಗಾದರೂ ತಮ್ಮ ಲ್ಯಾಪ್‌ಟಾಪ್ ನೋಡಿಸಬೇಕು ಅಂತಿದ್ರೆ ಭಾನುವಾರ ಮಧ್ಯಾಹ್ನದ ಮೇಲೆ ತನ್ನಿ, ಕೂತು ನೋಡೋಣ. ಚಾರ್ಜರ್ ಮರೀಬೇಡಿ, ಈ ಮಳೆಯಲ್ಲಿ ಕರೆಂಟ್ ಇದ್ದಷ್ಟು ಹೊತ್ತಲ್ಲೇ ತುಂಬಿಸಿಕೊಳ್ಳಬೇಕು. ಮುಂದಿನ ವಾರ ಮಳೆ ಹೊಳವಾದ್ರೆ ಅಡಿಕೆ ಕೊಳೆಗೆ ಬೋರ್ಡೋ ಹೊಡೆದದ್ದರ ಬಗ್ಗೆ ಬರೀತೇನೆ.